ಲಕ್ಷ್ಮಿಯ ಹಿಂದಿನ ಖಿಡಕಿ

ಪುಸ್ತಕ ಓದುವವರಿಗಿಂತ ಪುಸ್ತಕ ಮಾಡುವವರ ಬದುಕಿನಲ್ಲೇ ನಗೆಪಾಟಲಿನ ಸಂಗತಿಗಳು ಹೆಚ್ಚು ನಡೆಯುತ್ತವೆ. ಇದು ಯಾಕೆ ಹೀಗೆ ಎಂದು ನಾನು ಬಹಳ ಸಲ ತಲೆ ಕೆರೆದುಕೊಂಡಿದ್ದೇನೆ. ಓದುವವರು ಪುಸ್ತಕದಲ್ಲಿದ್ದದ್ದನ್ನು ಒಂದಿಷ್ಟಾದರೂ ನಂಬುತ್ತಾರೆ. ಮಾಡುವವರಿಗೆ ಅದರಲ್ಲೇನಿದೆ ಎಂದು ನೋಡಲಿಕ್ಕೇ ಪುರಸೊತ್ತಿರುವುದಿಲ್ಲ. ಅದಕ್ಕೇ ಇರಬೇಕು.

ನಾನು ಹೇಳುತ್ತಿರುವುದು ಐವತ್ತರ ದಶಕ ಮುಗಿದು ಅರವತ್ತು ಹಿಡಿಯುತ್ತಿದ್ದ ಕಾಲದ ಮಾತು. ರಾಜ್ಯ ಆಗಷ್ಟೇ ಒಂದಾಗಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಮನೆಗೊಬ್ಬ ಲೇಖಕ, ಓಣಿಗೊಂದು ಛಾಪಖಾನೆ. ನಾನೂ ನಾಲ್ಕು ಕತೆ ಬರೆದೆ, ನಾಲ್ಕೂ ತಿರುಗಿ ಬಂದವು. ಆಮೇಲೆ ಧಾರವಾಡದಿಂದ ದಿನಾ ರೈಲು ಹತ್ತಿ ಬಂದು ಹುಬ್ಬಳ್ಳಿಯ ಒಂದು ಛಾಪಖಾನೆಯಲ್ಲಿ ಪ್ರೂಫ್ ತಿದ್ದುವ ಕೆಲಸಕ್ಕೆ ನಿಂತೆ. ಬೇರೆಯವರ ತಪ್ಪು ಎತ್ತಿ ತೋರಿಸಿ ಅದಕ್ಕೆ ಪಗಾರ ತೆಗೆದುಕೊಳ್ಳುವಂಥ ಸುಖದ ನೌಕರಿ ಇನ್ನೊಂದಿಲ್ಲ.

ಈಗೀಗ ಕೆಲಸದ ಜಾಗದಲ್ಲಿ ಗಾಳಿ ಇರಬೇಕು, ಬೆಳಕು ಇರಬೇಕು ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಆ ಛಾಪಖಾನೆಯ ಒಂದು ಖಿಡಕಿ ನೆನಪಿಗೆ ಬರುತ್ತದೆ. ನೆನಪನ್ನು ಪೂರಾ ನಂಬಬಾರದು ಎಂಬುದನ್ನೂ ನಾನು ಅಲ್ಲಿಯೇ ಕಲಿತೆ. ಆದರೂ ನೆನಪಿದ್ದಷ್ಟು ಹೇಳುತ್ತೇನೆ.

೧. ಉಸಿರಿನ ಪರೀಕ್ಷೆ

ನಮ್ಮ ಮಾಲಕರನ್ನು ಎಲ್ಲರೂ ಸಾವಕಾರರು ಎನ್ನುತ್ತಿದ್ದರು. ಅವರ ಅಣ್ಣಂದಿರದು ದೊಡ್ಡ ಹತ್ತಿ ವ್ಯಾಪಾರ. ಈ ತಮ್ಮನಿಗೆ ಹತ್ತಿಯ ಧೂಳು ಆಗಿಬರಲಿಲ್ಲವೆಂದು ಮನೆಯವರು ಛಾಪಖಾನೆ ಹಾಕಿಕೊಟ್ಟಿದ್ದರು. ಸಾವಕಾರರಿಗೆ ಈ ಜಗತ್ತಿನಲ್ಲಿ ಎಲ್ಲಕ್ಕಿಂತ ಪ್ರೀತಿಯ ವಸ್ತು ಎಂದರೆ ಗಾಳಿ. ಮೇಲಿನ ಮಜಲಿನಲ್ಲಿದ್ದ ಅವರ ಕಚೇರಿಗೆ ನಾಲ್ಕೂ ದಿಕ್ಕಿಗೆ ಖಿಡಕಿ. ಕಾಗದ ಹಾರಿಹೋಗದಂತೆ ಮೇಜಿನ ತುಂಬ ಬೆಣಚುಕಲ್ಲು ಇಟ್ಟುಕೊಂಡಿರುತ್ತಿದ್ದರು. ಗಾಳಿಯ ಮೇಲೆ ಒಂದು ದಪ್ಪ ಪುಸ್ತಕವನ್ನೂ ಬರೆದಿದ್ದರು: 'ಶುದ್ಧ ಹವೆ ಮತ್ತು ದೀರ್ಘಾಯುಷ್ಯ'. ನಾನು ಸೇರುವುದಕ್ಕೆ ಎಷ್ಟೋ ಮೊದಲೇ ಅದು ಅಚ್ಚಾಗಿ ಖರ್ಚಾಗಿ ಹೋಗಿತ್ತಂತೆ. "ಔಷಧಕ್ಕ ಬೇಕಂದ್ರೂ ಒಂದು ಪ್ರತಿ ಉಳದಿಲ್ಲ ನೋಡ್ರಿ," ಎಂದು ಬಂದವರಿಗೆಲ್ಲ ಹೇಳಿ ಸಂತೋಷಪಡುತ್ತಿದ್ದರು.

ನನ್ನನ್ನು ಎದುರಿಗೆ ಕೂಡಿಸಿಕೊಂಡು ಕೇಳಿದರು: "ಎಲ್ಲಿತನಕ ಕಲ್ತೀರಿ?"

"ಬಿ.ಎ. ಆಗೇತ್ರಿ."

"ಅದಿರ್ಲಿ. ಉಸಿರು ಹೆಂಗ ತಗೋತೀರಿ?"

ಇಂಥ ಪ್ರಶ್ನೆ ಬಂದೀತೆಂದು ನಾನು ತಯಾರಾಗಿ ಹೋಗಿರಲಿಲ್ಲ. "ಮೂಗಿನಿಂದ ತಗೋತೇನ್ರಿ," ಎಂದೆ.

"ಭಾಳ ಛಲೋ. ಅರ್ಧಾ ಹುಬ್ಬಳ್ಳಿ ಬಾಯಿಂದ ತಗೋತೈತಿ. ನಾಳಿಂದ ಬರ್ರಿ."

ಕನ್ನಡ ಶುದ್ಧವಾಗಿ ಬರೆಯಲು ಬರುತ್ತದೆಯೇ ಎಂದು ಕೊನೆತನಕ ಕೇಳಲೇ ಇಲ್ಲ. ನನ್ನನ್ನು ದಿವಾನಜಿಯ ಕೈಗೆ ಒಪ್ಪಿಸಿದರು. ದಿವಾನಜಿ ಎಂದರೆ ಛಾಪಖಾನೆಯ ಲೆಕ್ಕಪತ್ರ, ಪುಸ್ತಕ ಮಾರಾಟ, ಬೀಗದಕೈ, ಎಲ್ಲ ನೋಡಿಕೊಳ್ಳುವ ಹಿರಿಯರು. ಕರೀ ಟೊಪ್ಪಿಗೆ, ಉದ್ದ ಕೋಟು, ಮೆಲುದನಿ. ಅವರು ನನ್ನನ್ನು ಕೆಳಗಿನ ಖೋಲಿಯ ಬಾಗಿಲಿಗೆ ಕರೆದೊಯ್ದು ನಿಲ್ಲಿಸಿದರು.

"ಚಪ್ಪಲಿ ಹೊರಗ ಬಿಡ್ರಿ."

"ಯಾಕ್ರಿ?"

"ಒಳಗ ಲಕ್ಷ್ಮಿ ಇದ್ದಾಳ."

ಯಾರೋ ಹೆಣ್ಣುಮಗಳು ಕೆಲಸಕ್ಕಿದ್ದಾರೆ ಎಂದುಕೊಂಡು ನಾನು ಚಪ್ಪಲಿ ಬಿಟ್ಟು, ಅಂಗಿಯ ಗುಂಡಿ ಹಾಕಿಕೊಂಡು, ತಲೆ ತಗ್ಗಿಸಿ ಒಳಗೆ ಹೋದೆ.

೨. ಹೊರಗಿದೆ, ಒಳಗಿಲ್ಲ

ಒಳಗೆ ಹೆಣ್ಣುಮಗಳು ಯಾರೂ ಇರಲಿಲ್ಲ. ನಡು ಹಗಲಲ್ಲಿ ದೀಪ ಉರಿಯುತ್ತಿತ್ತು. ಸೀಸದ ಅಕ್ಷರದ ಮೊಳೆಗಳ ಪೆಟ್ಟಿಗೆ, ಶಾಯಿಯ ವಾಸನೆ, ಸೀಮೆಎಣ್ಣೆಯ ವಾಸನೆ, ಬೆವರಿನ ವಾಸನೆ. ಒಂದು ಗೋಡೆಗೆ ನೆಲದಿಂದ ಮಾಳಿಗೆಯ ತೊಲೆಯತನಕ ಏನೋ ಒಟ್ಟಿ, ಅದರ ಮೇಲೆ ಕೆಂಪು ವಸ್ತ್ರ ಹೊದಿಸಿ, ಚೆಂಡುಹೂವಿನ ಮಾಲೆ ಹಾಕಿದ್ದರು. ವಸ್ತ್ರಕ್ಕೆ ಅರಿಸಿನ ಕುಂಕುಮ ಹಚ್ಚಿ ಹಚ್ಚಿ ಅದೇ ಒಂದು ಬಣ್ಣವಾಗಿತ್ತು. ಅದೇ ಲಕ್ಷ್ಮಿ. ದೀಪಾವಳಿಯಲ್ಲಿ ವ್ಯಾಪಾರಸ್ಥರೆಲ್ಲ ಲೆಕ್ಕದ ಪುಸ್ತಕ ಇಟ್ಟು ಪೂಜೆ ಮಾಡುತ್ತಾರಲ್ಲ, ನಮ್ಮಲ್ಲಿ ಆ ಪೂಜೆ ಈ ಒಟ್ಟಿಲಿಗೆ ನಡೆಯುತ್ತಿತ್ತು. ಬೇರೆಯವರು ಪೂಜೆ ಮುಗಿದ ಮೇಲೆ ಪುಸ್ತಕ ಎತ್ತಿಡುತ್ತಾರೆ. ನಮ್ಮಲ್ಲಿ ಎತ್ತಿರಲಿಲ್ಲ.

ನನಗೆ ಒಂದು ಕೆಟ್ಟ ಚಟ. ಮುಚ್ಚಿದ್ದನ್ನು ಕಂಡರೆ ಒಳಗೇನಿದೆ ಎಂದು ಕೇಳದೆ ಇರಲಾರೆ. ಮಧ್ಯಾಹ್ನ ಚಹಾ ಕುಡಿಯಲು ಹಿಂದಿನ ಸಂದಿಗೆ ಹೋದಾಗ ಇನ್ನೊಂದು ವಿಚಿತ್ರ ಕಂಡಿತು. ನಮ್ಮ ಖೋಲಿಯ ಗೋಡೆಗೆ ಹೊರಗಡೆಯಿಂದ ಒಂದು ದೊಡ್ಡ ಖಿಡಕಿ ಇತ್ತು. ಎರಡು ಸಾಗವಾನಿ ಬಾಗಿಲು, ಕೆತ್ತನೆ, ಎಲ್ಲ. ಅದರ ಕೆಳಗೆ ಒಬ್ಬ ಚುರುಮುರಿ ಗಾಡಿ ನಿಲ್ಲಿಸಿಕೊಂಡಿದ್ದ. ಒಳಗಿಲ್ಲದ ಖಿಡಕಿ ಹೊರಗಿದೆ ಎಂದರೆ ಅದು ಲಕ್ಷ್ಮಿಯ ಹಿಂದೆಯೇ ಇರಬೇಕು.

ಅಚ್ಚಿನ ಯಂತ್ರ ನಡೆಸುವ ಮಷೀನಿನವನನ್ನು ಕೇಳಿದೆ: "ಆ ವಸ್ತ್ರದ ಕೆಳಗ ಏನೈತ್ರಿ?"

"ಸಾವಕಾರ್ರ ಅಜ್ಜ-ಮುತ್ಯಾನ ಕಾಲದ ಲೆಕ್ಕದ ಪುಸ್ತಕ ಅಂತ ಅಂತಾರ."

"ಯಾರು ಅಂತಾರ?"

"ಎಲ್ಲಾರೂ ಅಂತಾರ."

ಮೊಳೆ ಜೋಡಿಸುವ ಹಿರಿಯ ಕಂಪೋಜಿಟರ್ ಚಾಚಾನನ್ನು ಕೇಳಿದೆ. ಚಾಚಾ ಹಳೇ ಹುಬ್ಬಳ್ಳಿಯವನು. ಗಡ್ಡಕ್ಕೆ ಮೆಹಂದಿ, ಕೊರಳಿಗೆ ಮಫ್ಲರ್, ಬಾಯಿ ಬಲು ಜೋರು. ಮೊಳೆ ಎತ್ತುವ ಕೈ ನಿಲ್ಲಿಸದೆ ಹೇಳಿದ: "ಮಾಸ್ತರ, ಇಲ್ಲಿ ಇಷ್ಟ ವರ್ಷದಿಂದ ಅದೇನಿ. ದೇವ್ರು ಯಾವ್ದರ ಇರ್ಲಿ, ಮುಸುಕು ತಗದು ಮಾರಿ ನೋಡೂದು ಅದಬು ಅಲ್ಲ, ಮರ್ಯಾದಿ ಅಲ್ಲ."

ತಪ್ಪು ತಿದ್ದುವವನು ಎಂಬ ಕಾರಣಕ್ಕೆ ನನ್ನನ್ನು ಎಲ್ಲರೂ ಮಾಸ್ತರ ಎನ್ನುತ್ತಿದ್ದರು. ಕಡೆಗೆ ದಿವಾನಜಿಯನ್ನೇ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಮಾಸ್ತರ್ರ, ನಿಮ್ಮ ಕೆಲಸ ತಪ್ಪು ಹುಡುಕೋದು ಹೌದು. ಆದ್ರ ಕಾಗದದ ಮ್ಯಾಲಿಂದು ಅಷ್ಟಽ," ಎಂದರು.

೩. ಎರಡು ಹೊಗೆ

ದಿವಾನಜಿ ದಿನಾ ಬೆಳಿಗ್ಗೆ ಬಂದವರೇ ಲಕ್ಷ್ಮಿಯ ಮುಂದೆ ಊದಿನಕಡ್ಡಿ ಹಚ್ಚಿ ಕರ್ಪೂರ ಬೆಳಗುತ್ತಿದ್ದರು. ಚಾಚಾ ಸುಮ್ಮನಿರುವ ಆಸಾಮಿಯೇ? ತನ್ನ ಮೊಳೆಯ ಪೆಟ್ಟಿಗೆಯ ಹತ್ತಿರ ಕೆಂಡದ ಮೇಲೆ ಲೋಬಾನ ಹಾಕುತ್ತಿದ್ದ. ಹೋಗಲು ದಾರಿ ಇಲ್ಲದ ಖೋಲಿಯಲ್ಲಿ ಆ ಹೊಗೆ, ಈ ಹೊಗೆ ಎರಡೂ ಕೂಡಿ ದೀಪಕ್ಕೆ ಸುತ್ತುಹಾಕುತ್ತಿದ್ದವು. ನಾನು ಪ್ರೂಫನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಓದಬೇಕಾಗುತ್ತಿತ್ತು.

ನಡುವೆ ಒಂದು ದಿನ ಒಬ್ಬ ವಕೀಲರು ತಮ್ಮ ಮಗಳ ಲಗ್ನಪತ್ರಿಕೆ ಅಚ್ಚು ಹಾಕಿಸಲು ಬಂದರು. ಬಾಗಿಲಲ್ಲಿ ನಿಂತು ಒಳಗೆ ನೋಡಿ ಗಾಬರಿಯಾಗಿ, "ಬೆಂಕಿ ಹತ್ತೇತಿ! ನೀರು ತರ್ರಿ!" ಎಂದು ಕೂಗಿದರು. ಪಕ್ಕದ ಅಂಗಡಿಯವರು ಕೊಡ ಹಿಡಿದು ಓಡಿಬಂದರು.

ಹೊಗೆಯೊಳಗಿಂದ ದಿವಾನಜಿಯ ಮೆಲುದನಿ ಕೇಳಿತು: "ಏನಿಲ್ರಿ, ಪೂಜಾ ನಡದದ."

ಅದರ ಬೆನ್ನಿಗೇ ಚಾಚಾನ ಜೋರು ದನಿ: "ನಂದು ಮುಗೀತ್ರಿ, ಅವ್ರದು ನಡದೈತಿ!"

ವಕೀಲರು ಲಗ್ನಪತ್ರಿಕೆಯನ್ನು ಬೇರೆ ಛಾಪಖಾನೆಗೆ ಒಯ್ದರು.

೪. ಡಾಕ್ಟರರ ಮಾತು, ಸಾವಕಾರರ ಮದ್ದು

ನಗುವ ಮಾತು ಇರಲಿ, ಚಾಚಾನಿಗೆ ಕೆಮ್ಮು ಹತ್ತಿತು. ಮೊದಲು ಎಲ್ಲರೂ ತಂಬಾಕಿನ ಮೇಲೆ ಹಾಕಿದೆವು, ಆಮೇಲೆ ಹವೆಯ ಮೇಲೆ ಹಾಕಿದೆವು. ಮಾತಾಡುತ್ತ ಮಾತಾಡುತ್ತ ಉಸಿರು ಸಿಕ್ಕಿಕೊಂಡು ಕಣ್ಣು ಕೆಂಪಾಗಿಬಿಡುತ್ತಿತ್ತು. ಒಂದು ಪುಟ ಜೋಡಿಸುವುದರೊಳಗೆ ಮೂರು ಸಲ ಹೊರಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದ. ಆ ಜೋರು ಬಾಯಿ ಮೆತ್ತಗಾಗುತ್ತ ಬಂತು.

ನಾನೇ ಅವನನ್ನು ಕರೆದುಕೊಂಡು ಡಾಕ್ಟರರ ಹತ್ತಿರ ಹೋದೆ. ಅವರು ಎದೆ, ಬೆನ್ನು ಎಲ್ಲ ನೋಡಿ, ಕೆಲಸದ ಜಾಗ ಹೇಗಿದೆ ಎಂದು ಕೇಳಿ, ಕಡೆಗೆ ಖಡಾಖಂಡಿತ ಹೇಳಿಬಿಟ್ಟರು: "ಇಲ್ಲಾ ಆ ಖೋಲಿಗೆ ಗಾಳಿ ತರ್ರಿ, ಇಲ್ಲಾ ಆ ಖೋಲಿ ಬಿಡ್ರಿ. ಹಿಂಗಽ ಕುಂತ್ರ ಈ ಬ್ಯಾಸಗಿ ದಾಟೂದು ಕಠಿಣ ಐತಿ."

ಹೊರಗೆ ಬಂದ ಮೇಲೆ ಚಾಚಾ ತನ್ನ ಎರಡೂ ಕೈ ಮುಂದೆ ಹಿಡಿದು ನೋಡಿಕೊಂಡ. ಆಮೇಲೆ, "ಬಿಟ್ಟು ಏನ್ ಮಾಡ್ಲಿ ಮಾಸ್ತರ? ಈ ಕೈಗೆ ಮೊಳಿ ಎತ್ತೂದು ಬಿಟ್ಟು ಬ್ಯಾರೇ ಏನೂ ಬರೂದಿಲ್ಲ. ಮಗಳ ನಿಕಾ ಬ್ಯಾರೇ ಮುಂದೈತಿ," ಎಂದ. ಏನಾದರಾಗಲಿ ಆ ಖಿಡಕಿ ತೆಗೆಸಲೇಬೇಕು ಎಂದು ನಾನು ಅಂದೇ ಗಟ್ಟಿ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ಸೀದಾ ಸಾವಕಾರರ ಹತ್ತಿರ ಹೋದೆ. ಚಾಚಾನ ಉಸಿರಿನ ಸುದ್ದಿ ಕೇಳಿ ಅವರು ನಿಜವಾಗಿಯೂ ಕಳವಳಗೊಂಡರು. "ಉಸಿರಿನ ತ್ರಾಸೇನು? ನನ್ನ ಛಾಪಖಾನ್ಯಾಗ? ನಡೀರಿ ಕೆಳಗ," ಎಂದು ಎದ್ದೇಬಿಟ್ಟರು. ಎಲ್ಲರನ್ನೂ ಖೋಲಿಯಲ್ಲಿ ಸಾಲಾಗಿ ನಿಲ್ಲಿಸಿದರು. ಲಕ್ಷ್ಮಿಗೆ ದೂರದಿಂದ ಕೈಮುಗಿದು, ನಮ್ಮ ಕಡೆ ತಿರುಗಿ, "ಇವತ್ತಿನಿಂದ ದಿನಾ ದೀರ್ಘ ಉಸಿರಾಟ. ಒಳಗ ತಗೋರಿ... ಹಿಡೀರಿ... ಇನ್ನೂ ಹಿಡೀರಿ..." ಎಂದು ತಾವೇ ಮೊದಲು ಎದೆ ತುಂಬ ಎಳೆದುಕೊಂಡರು.

ಆಗಷ್ಟೇ ಎರಡೂ ಪೂಜೆ ಮುಗಿದಿದ್ದವು. ಎಳೆದುಕೊಂಡ ಹೊಗೆ ಸಾವಕಾರರ ಗಂಟಲು ಹಿಡಿಯಿತು. ಕೆಮ್ಮಿದರು, ಮತ್ತೆ ಕೆಮ್ಮಿದರು, ಧೋತರದ ಚುಂಗು ಬಾಯಿಗೆ ಒತ್ತಿಕೊಂಡು ಮೆಟ್ಟಿಲು ಹತ್ತಿ ಓಡಿದರು. ನಾನು ಬೆನ್ನು ಹತ್ತಿದೆ. ನಾಲ್ಕು ಖಿಡಕಿಯ ನಡುವೆ ಕೂತು ಸುಧಾರಿಸಿಕೊಂಡ ಮೇಲೆ ಮೆಲ್ಲಗೆ ಹೇಳಿದೆ: "ಸಾವಕಾರ್ರ, ಆ ಖೋಲಿಗೆ ಒಂದು ಖಿಡಕಿ ಐತ್ರಿ, ಲಕ್ಷ್ಮಿ ಹಿಂದ. ಲಕ್ಷ್ಮೀನ ಸ್ವಲ್ಪ ಸರಿಸಿದ್ರ..."

ಸಾವಕಾರರು ನಾಲಿಗೆ ಕಚ್ಚಿಕೊಂಡರು. "ಛೇ ಛೇ! ನನಗ ಇಂಥಾದ್ರಾಗ ನಂಬಿಗಿ ಇಲ್ಲ ಮಾಸ್ತರ, ಖರೇ ಹೇಳ್ತೇನಿ. ಆದ್ರ ಅದು ದಿವಾನಜಿ ಭಕ್ತಿ. ಹಿರಿ ಮನಷಾ, ನೊಂದ್ಕೊಂಡಾರು. ನಾ ಅಂತೂ ಹೇಳೂದಿಲ್ಲ."

ದಿವಾನಜಿಯ ಹತ್ತಿರ ಓಡಿಬಂದೆ. ಅವರು ಎರಡೂ ಕೈ ಎತ್ತಿಬಿಟ್ಟರು: "ನಂದೇನದ ಮಾಸ್ತರ್ರ? ಸಾವಕಾರ್ರು ಬಂದಾಗೆಲ್ಲಾ ಕೈಮುಗೀತಾರ, ನೋಡಿಲ್ಲೇನು? ಅವರ ಶ್ರದ್ಧಾಕ್ಕ ನಾ ಹೆಂಗ ಕೈ ಹಚ್ಚಲಿ?"

ಇಬ್ಬರ ಭಕ್ತಿಯ ನಡುವೆ ಸಿಕ್ಕ ಚಾಚಾ ಒಬ್ಬನೇ ಕೆಮ್ಮುತ್ತಿದ್ದ.

೫. ದಿನಾ ಬಳಸುವ ಪುಸ್ತಕ

ಇದರ ಮೇಲೆ ಸಾವಕಾರರಿಗೆ ಇನ್ನೊಂದು ಹುಕ್ಕಿ ಬಂತು. ಚಾಚಾನಂಥವರ ತ್ರಾಸಿಗೆಲ್ಲ ಜನರ ಅಜ್ಞಾನವೇ ಕಾರಣ. ಅದಕ್ಕೆ 'ಶುದ್ಧ ಹವೆ ಮತ್ತು ದೀರ್ಘಾಯುಷ್ಯ'ದ ಎರಡನೇ ಮುದ್ರಣ ತರಬೇಕು! ಅಚ್ಚಾದ ಪುಸ್ತಕದ ಗಂಟುಗಳನ್ನು ಎಲ್ಲಿ ಇಡಬೇಕು ಎಂಬುದನ್ನೂ ಅವರೇ ನಿಶ್ಚಯಿಸಿದರು. ಕೆಳಗಿನ ಖೋಲಿಯಲ್ಲಿ, ಬಾಗಿಲ ಪಕ್ಕಕ್ಕೆ. ಆ ಖೋಲಿಗೆ ಇದ್ದದ್ದೇ ಅದೊಂದು ಬಾಗಿಲು.

"ಛಲೋ ಆತು," ಎಂದ ಚಾಚಾ. "ಹಂಗಽ ಮ್ಯಾಲೊಂದು ಚಾದರ ಹಾಸ್ರಿ. ಗೋರಿ ಕಟ್ಟೂ ಖರ್ಚರ ಉಳೀತೈತಿ."

ಈಗ ಮೊದಲ ಮುದ್ರಣದ ಒಂದು ಪ್ರತಿ ಬೇಕಾಯಿತು, ಮೊಳೆ ಜೋಡಿಸಲು. ಸಾವಕಾರರು ತಮ್ಮ ಸ್ವಂತ ಪ್ರತಿಯನ್ನು ಯಾರೋ ದೊಡ್ಡವರಿಗೆ ಓದಲು ಕೊಟ್ಟು ಕಳೆದುಕೊಂಡಿದ್ದರು. ದಿವಾನಜಿಯನ್ನು ಕೇಳಿದರೆ ಅವರ ಮುಖ ಬಿಳುಚಿಕೊಂಡಿತು. "ಒಂದೂ ಇಲ್ಲರೀ. ಎಲ್ಲಾ ಮುಗದಾವ," ಎಂದು ಹೇಳಿ ನೀರು ಕುಡಿಯಲು ಹೊರಗೆ ಹೋದರು. ಅದು ನನಗೆ ಸ್ವಲ್ಪ ಸೋಜಿಗವೆನಿಸಿತು. ಪುಸ್ತಕ ಮುಗಿದದ್ದಕ್ಕೆ ಮಾರುವವರು ಬಿಳುಚಿಕೊಂಡದ್ದನ್ನು ನಾನು ಕಂಡಿರಲಿಲ್ಲ.

ಪ್ರತಿ ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಧಾರವಾಡದ ವಾಚನಾಲಯ, ಹಳೇ ಪುಸ್ತಕದ ಅಂಗಡಿ, ಗೆಳೆಯರ ಮನೆ, ಎಲ್ಲ ತಿರುಗಿದೆ. ಒಬ್ಬರಿಗೂ ಆ ಪುಸ್ತಕದ ಹೆಸರೇ ಗೊತ್ತಿಲ್ಲ. ಖರ್ಚಾಗಿ ಹೋದ ಪುಸ್ತಕ ಒಬ್ಬರ ಕಣ್ಣಿಗೂ ಬಿದ್ದಿಲ್ಲವೆಂದರೆ ಕೊಂಡವರಾದರೂ ಯಾರು? ಕಡೆಗೆ ಶಿರಗುಪ್ಪಿಯ ಆಚೆಗಿನ ಒಂದು ಹಳ್ಳಿಯ ಸಾಲೆಗೆ ಸಾವಕಾರರೇ ಒಂದು ಪ್ರತಿ ಕಾಣಿಕೆ ಕೊಟ್ಟಿದ್ದರೆಂದು ತಿಳಿಯಿತು. ಬಸ್ಸು ಹತ್ತಿ, ಇಳಿದು, ಎರೀ ಹೊಲದ ನಡುವೆ ನಡೆದು, ಬೆವರಿ ನೀರಾಗಿ ಹೋಗಿ ತಲುಪಿದೆ.

ಹೆಡ್ ಮಾಸ್ತರರು ನನ್ನನ್ನು ಕೂಡಿಸಿ ನೀರು ಕೊಟ್ಟು, "ಐತಲ್ರಿ! ಭಾಳ ಉಪಯೋಗದ ಪುಸ್ತಕ. ದಿನಾ ಬಳಸ್ತೇವಿ," ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಒಂದು ವರ್ಗದೊಳಗೆ ಕರೆದೊಯ್ದು ತೋರಿಸಿದರು. ಅಲ್ಲಿಯ ಖಿಡಕಿಯ ಬಾಗಿಲು ಒಂದು ತಾನಾಗಿ ಮುಚ್ಚಿಕೊಳ್ಳುವ ಜಾತಿಯದು. ಅದು ಮುಚ್ಚದಂತೆ ಸಂದಿಯಲ್ಲಿ 'ಶುದ್ಧ ಹವೆ ಮತ್ತು ದೀರ್ಘಾಯುಷ್ಯ'ವನ್ನು ಬಿಗಿಯಾಗಿ ಒತ್ತಿ ಇಟ್ಟಿದ್ದರು. ತಂಪು ಗಾಳಿ ಸೊಗಸಾಗಿ ಬರುತ್ತಿತ್ತು.

"ಇದನ್ನ ಸ್ವಲ್ಪ ದಿನ ಕೊಡ್ತೀರೇನ್ರಿ?"

"ಅಯ್ಯ, ಹೆಂಗ ಕೊಡಾಕ ಬರ್ತೈತ್ರಿ? ತಗದ್ರ ಖಿಡಕಿ ಮುಚ್ಚತೈತಿ, ಹುಡುಗ್ರು ಬೆವೀತಾವ. ಇಷ್ಟಽ ದಪ್ಪಂದು ಬ್ಯಾರೇ ಪುಸ್ತಕ ಇದ್ರ ಇಟ್ಟು, ಇದನ್ನ ತಗೊಂಡ್ಹೋಗ್ರಿ."

ನನ್ನ ಚೀಲದಲ್ಲಿ ನನ್ನವೇ ಕತೆಗಳ ಕಟ್ಟು ಇತ್ತು. ಒಂದು ಪ್ರಯತ್ನ ಮಾಡೋಣವೆಂದು ಆ ಪುಸ್ತಕ ತೆಗೆದು ನನ್ನ ಕತೆಗಳನ್ನು ಸಂದಿಗೆ ಇಟ್ಟೆ. ಖಿಡಕಿ ಧಡ್ ಎಂದು ಮುಚ್ಚಿಕೊಂಡಿತು. ಹುಡುಗರೆಲ್ಲ ನಕ್ಕರು.

ಹೆಡ್ ಮಾಸ್ತರರು ಕತೆಗಳನ್ನು ಧೂಳು ಜಾಡಿಸಿ ನನ್ನ ಕೈಗೆ ಕೊಡುತ್ತ ಬಹಳ ಸಮಾಧಾನದಿಂದ ಹೇಳಿದರು: "ಇರ್ಲಿ ಬಿಡ್ರಿ. ಇನ್ನೂ ಬರೀರಿ."

೬. ಎರಡನೇ ಮುದ್ರಣ

ಬರಿಗೈಲೆ ಬಂದು ಸಾವಕಾರರಿಗೆ ವರದಿ ಒಪ್ಪಿಸಿದೆ. "ಆ ಪುಸ್ತಕ ಇಲ್ಲದಿದ್ರ ಅವರ ಸಾಲಿಗೆ ಗಾಳೀನಽ ಇಲ್ಲಂತ್ರಿ," ಎಂದೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಸಾವಕಾರರ ಕಣ್ಣಲ್ಲಿ ನೀರು ಬಂತು.

ಇದಾಗಿ ಕೆಲವೇ ದಿನ. ಬ್ಯಾಸಗಿ ಚುರುಗುಟ್ಟುತ್ತಿತ್ತು. ಖೋಲಿಯಲ್ಲಿ ಕೂತವರೆಲ್ಲ ಬನಿಯನ್ ಮೇಲೆ ಇದ್ದೆವು. ಚಾಚಾ ಮಾತ್ರ ಮಫ್ಲರ್ ಬಿಟ್ಟಿರಲಿಲ್ಲ. ಏನೋ ಜೋಕು ಹೇಳಲು ಹೋದವನು ಅರ್ಧಕ್ಕೇ ನಿಂತ. ಉಸಿರು ಎಳೆದುಕೊಳ್ಳುತ್ತಾನೆ, ಒಳಗೆ ಹೋಗುತ್ತಿಲ್ಲ. ಮುಖ ನೀಲಿಯಾಯಿತು. ಎದ್ದು ಬಾಗಿಲಿಗೆ ಹೋಗಬೇಕೆಂದು ಕೈ ಚಾಚಿದವನು ಜೋಲಿ ಹೊಡೆದು ಲಕ್ಷ್ಮಿಯ ಮೇಲೆ ಬಿದ್ದ. ಕೆಂಪು ವಸ್ತ್ರ, ಚೆಂಡುಹೂವಿನ ಮಾಲೆ, ಎಲ್ಲ ಅವನ ಜೊತೆಗೇ ಕೆಳಗೆ ಬಂತು.

ನಾನು ಚಾಚಾನ ತಲೆ ತೊಡೆಯ ಮೇಲೆ ಇಟ್ಟುಕೊಂಡು ಮೇಲೆ ನೋಡಿದೆ. ವಸ್ತ್ರದ ಕೆಳಗೆ ಮುತ್ಯಾನ ಲೆಕ್ಕದ ಪುಸ್ತಕ ಇರಲಿಲ್ಲ. ದಾರ ಕಟ್ಟಿದ ಗಂಟುಗಳು, ನೆಲದಿಂದ ತೊಲೆಯತನಕ. ಒಂದೊಂದು ಗಂಟಿನ ಬೆನ್ನ ಮೇಲೂ ಅದೇ ಹೆಸರು: ಶುದ್ಧ ಹವೆ ಮತ್ತು ದೀರ್ಘಾಯುಷ್ಯ. ಶುದ್ಧ ಹವೆ ಮತ್ತು ದೀರ್ಘಾಯುಷ್ಯ. ಶುದ್ಧ ಹವೆ ಮತ್ತು ದೀರ್ಘಾಯುಷ್ಯ. ಶಿರಗುಪ್ಪಿಯ ಆಚೆಗಿನದು ಒಂದು, ಸಾವಕಾರರು ಕಳೆದುಕೊಂಡದ್ದು ಒಂದು ಬಿಟ್ಟು ಇಡೀ ಮುದ್ರಣ ಅಲ್ಲೇ ಖಿಡಕಿಗೆ ಬೆನ್ನು ಹಚ್ಚಿ ಕೂತಿತ್ತು.

ಸದ್ದಿಗೆ ದಿವಾನಜಿ ಓಡಿಬಂದರು. ನೋಡಿ ಬಾಗಿಲಲ್ಲೇ ನಿಂತುಬಿಟ್ಟರು. "ಒಬ್ಬರೂ ಕೊಳ್ಳಲಿಲ್ಲ ಮಾಸ್ತರ್ರ," ಎಂದರು. "ಸಾವಕಾರ್ರು ದಿನಾ ಕೇಳ್ತಿದ್ರು. ಹೆಂಗ ಹೇಳಲಿ? ಮುಗದಾವ ಅಂದೆ. ಕಣ್ಣಿಗೆ ಬೀಳಬಾರದಂತ ವಸ್ತ್ರ ಹೊಚ್ಚಿದೆ. ಅದಽ ವಾರ ದೀವಳಿಗಿ ಬಂತು, ವಸ್ತ್ರ ಯಾಕ ಅಂತ ಯಾರಽರ ಕೇಳಿದ್ರ ಅಂತ ಕುಂಕುಮ ಹಚ್ಚಿದೆ. ಆಮ್ಯಾಲ ವರ್ಷಾ ವರ್ಷಾ ಪೂಜಾ ಮಾಡಿ ಮಾಡಿ, ಒಳಗಿಂದು ನನಗಽ ಮರತು ಹೋತು. ಖರೇನಽ ಲಕ್ಷ್ಮಿ ಅನಸ್ಲಿಕ್ಕೆ ಹತ್ತಿತ್ತು."

ಇದಕ್ಕೇ ನಾನು ನೆನಪನ್ನು ನಂಬುವುದಿಲ್ಲ ಎನ್ನುವುದು. ಆದರೆ ಆಗ ವಿಚಾರ ಮಾಡುತ್ತ ಕೂಡ್ರಲು ಸಮಯವಿರಲಿಲ್ಲ. ಚಾಚಾನ ಎದೆಯಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ನಾನು ಮಷೀನಿನವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಕುಂಕುಮ ಹಚ್ಚಿದ ಗಂಟು ಮುಟ್ಟಲು ಇಬ್ಬರಿಗೂ ಕೈ ಬರಲಿಲ್ಲ. ನಮ್ಮನ್ನು ಪಕ್ಕಕ್ಕೆ ನೂಕಿ, ಕೋಟಿನ ತೋಳು ಏರಿಸಿ ಮೊದಲ ಗಂಟು ಎಳೆದವರು ದಿವಾನಜಿ.

"ಏನ್ ನೋಡ್ತೀರಿ? ಎಳೀರಿ! ಲಕ್ಷ್ಮಿ ನಾಳೆ ಬಂದಾಳು, ಚಾಚಾ ಬರಂಗಿಲ್ಲ!"

ಎಳೆದೆವು. ಗಂಟು ಅಂಗಳಕ್ಕೆ ಬೀಳುತ್ತಿದ್ದವು, ಧೂಳು ಏಳುತ್ತಿತ್ತು. ಖಿಡಕಿಯ ಅಗುಳಿ ತುಕ್ಕು ಹಿಡಿದು ಕಲ್ಲಾಗಿತ್ತು. ಮಷೀನಿನವನು ಸುತ್ತಿಗೆಯಿಂದ ನಾಲ್ಕು ಬಿಗಿದ. ಎರಡೂ ಬಾಗಿಲು ಒಮ್ಮೆಲೆ ಹೊರಗೆ ತೆರೆದುಕೊಂಡವು. ಎಷ್ಟೋ ವರ್ಷದ ಬೆಳಕು ಒಂದೇ ಸಲ ಒಳಗೆ ಬಂದಂತೆ ನಮ್ಮ ಕಣ್ಣು ಕುಕ್ಕಿತು. ಹೊರಗೆ ಚುರುಮುರಿಯವನು ಬೆಚ್ಚಿಬಿದ್ದು, "ಯಪ್ಪಾ! ಗ್ವಾಡಿಯಾಗ ಮಂದಿ ಅದಾರ!" ಎಂದು ಗಾಡಿ ಬಿಟ್ಟು ಹಿಂದೆ ಸರಿದ. ಚಾಚಾನನ್ನು ಎತ್ತಿ ಖಿಡಕಿಗೆ ಆನಿಸಿ ಕೂಡಿಸಿದೆವು. ಒಂದು ಉಸಿರು ಎಳೆದ. ಇನ್ನೊಂದು ಎಳೆದ. ಮೂರನೆಯದಕ್ಕೆ ಬಾಯಿ ಬಂತು: "ಚುರುಮುರಿಗೆ ಉಳ್ಳಾಗಡ್ಡಿ ಜಾಸ್ತಿ ಹಾಕು, ಹಂಗಽ ನೋಡಬ್ಯಾಡ." ನನಗೆ ನಗು, ಅಳು ಎರಡೂ ಕೂಡಿ ಬಂದವು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾಲ ಸಪ್ಪಳ. ಸಾವಕಾರರು! ಅಂಗಳದ ತುಂಬ ಗಂಟು, ಹೆಸರು ಮೇಲಾಗಿ ಬಿದ್ದಿವೆ. ಮುಚ್ಚಲು ಪುರಸೊತ್ತೂ ಇಲ್ಲ.

"ಏನಿದು? ಇಷ್ಟು ಪ್ರತಿ ಎಲ್ಲಿಂದ ಬಂದ್ವು?"

ದಿವಾನಜಿ ಟೊಪ್ಪಿಗೆ ಸರಿ ಮಾಡಿಕೊಂಡು ಮುಂದೆ ಬಂದರು. ಎಂದೂ ಇಲ್ಲದ ದೊಡ್ಡ ದನಿಯಲ್ಲಿ ಹೇಳಿದರು: "ಎರಡನೇ ಮುದ್ರಣರೀ! ಮುಗಿಸಿಬಿಟ್ಟೇವಿ!"

"ಪ್ರತಿ ಇಲ್ಲದಽ ಹೆಂಗ ಜೋಡಿಸಿದ್ರಿ?"

ಖಿಡಕಿಯಿಂದ ಚಾಚಾನ ದನಿ ಬಂತು: "ನೆನಪಿನಿಂದ್ರಿ. ಮೊದಲನೇದು ನಾನಽ ಜೋಡಿಸಿದ್ದು. ಇಂಥಾ ಪುಸ್ತಕ ಮರೀತಾರೇನ್ರಿ?"

ಸಾವಕಾರರು ಒಂದು ಗಂಟು ಬಿಚ್ಚಿ ಪ್ರತಿ ಎತ್ತಿಕೊಂಡರು. "ಕಾಗದ ಯಾಕೋ ಹಳದಿ ಆಗೇತಲ್ಲ?"

"ಬಿಳೀ ಕಾಗದ ಕಣ್ಣಿಗೆ ಹೊಡೀತದ ಅಂತ ಹಳದೀನಽ ತರಿಸಿದ್ವಿ," ಎಂದರು ದಿವಾನಜಿ. ಸುಳ್ಳಿನ ರುಚಿ ಅವರಿಗೆ ಹತ್ತಿಬಿಟ್ಟಿತ್ತು.

ಸಾವಕಾರರು ಮೊದಲ ಹಾಳೆ ತಿರುವಿದರು. ಅಲ್ಲಿ ಸ್ಪಷ್ಟವಾಗಿ 'ಮೊದಲನೆಯ ಮುದ್ರಣ' ಎಂದು ಅಚ್ಚಾಗಿತ್ತು. ಅದನ್ನೇ ನೋಡುತ್ತ ನಿಂತರು. ಆಮೇಲೆ ಗಂಟುಗಳನ್ನು ನೋಡಿದರು, ನೆಲದ ಮೇಲೆ ಬಿದ್ದ ಕೆಂಪು ವಸ್ತ್ರ ನೋಡಿದರು, ತೆರೆದ ಖಿಡಕಿ ನೋಡಿದರು, ಅದರೊಳಗೆ ಬೆವರು ಆರಿಸಿಕೊಳ್ಳುತ್ತ ಕೂತ ಚಾಚಾನನ್ನು ನೋಡಿದರು. ನಮ್ಮೆಲ್ಲರ ನೌಕರಿ ಆ ಹಾಳೆಯ ಮೇಲೆ ಇತ್ತು.

"ದಿವಾನಜಿ, ಇಲ್ಲೊಂದು ತಪ್ಪು ಆಗೇತಿ," ಎಂದರು. "ಎರಡನೇದಕ್ಕ ಮೊದಲನೇದು ಅಂತ ಹಾಕೀರಿ. ಪ್ರೂಫ್ ಯಾರು ನೋಡಿದ್ರು?"

ಎಲ್ಲರೂ ನನ್ನ ಕಡೆ ತಿರುಗಿದರು. ಆ ಪುಸ್ತಕ ಅಚ್ಚಾದಾಗ ನಾನು ಧಾರವಾಡದಲ್ಲಿ ಕಾಲೇಜಿನ ಮೆಟ್ಟಿಲನ್ನೂ ಹತ್ತಿರಲಿಲ್ಲ.

"ನಾನಽರಿ," ಎಂದೆ.

"ಬಿ.ಎ. ಆಗೇತಿ ಅಂದ್ರಿ." ಸಾವಕಾರರ ಮೀಸೆಯ ಕೆಳಗೆ ಏನೋ ಅಲುಗಾಡಿತು. "ಎಲ್ಲಾ ಪ್ರತಿಗೂ 'ಎರಡನೆಯ ಮುದ್ರಣ' ಅಂತ ಚೀಟಿ ಹಚ್ರಿ. ಬ್ಯಾರೇ ಎಲ್ಲೂ ಬ್ಯಾಡ, ಆ ಖಿಡಕಿ ಮುಂದಽ ಕುಂತು ಹಚ್ರಿ. ಹಚ್ಚಿದ್ದನ್ನ ಊರೂರ ಸಾಲಿಗೆ ಪುಕ್ಕಟೆ ಕೊಟ್ಟು ಬರ್ರಿ. ಗ್ವಾಡಿಗೆ ಒಂದೂ ಒಟ್ಟಬ್ಯಾಡ್ರಿ." ಹೇಳಿ ಮೇಲೆ ಹೋದರು. ಅವರಿಗೆ ಎಲ್ಲ ತಿಳಿಯಿತೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ಅವರೂ ಕೊನೆತನಕ ಹೇಳಲಿಲ್ಲ.

ಚೀಟಿಯನ್ನು ಚಾಚಾ ಖಿಡಕಿಯ ಬೆಳಕಿನಲ್ಲೇ ಜೋಡಿಸಿದ. ನಾನು ಅಂಟು ಕಲಸಿಕೊಂಡು ಕೂತೆ. ಸಂಜೆಯ ಗಾಳಿ ಬೀಸಿ ನನ್ನ ಮುಂದಿನ ಚೀಟಿಗಳೆಲ್ಲ ಎದ್ದು ಖಿಡಕಿಯಿಂದ ಆಚೆ ಹಾರಿದವು. ಒಂದಿಷ್ಟು ಚುರುಮುರಿಯಲ್ಲಿ ಬಿದ್ದವು. ಮೇಲಿನ ಖಿಡಕಿಯಿಂದ ಸಾವಕಾರರು ಕೂಗಿದರು: "ಏ ಮಾಸ್ತರ! ಹಚ್ಚೂಕಿಂತ ಮೊದಲಽ ಖರ್ಚಾಗಾಕತ್ತಾವಲ್ಲೋ!"

ಚಾಚಾ ಹೊಟ್ಟೆ ಹಿಡಿದು ನಕ್ಕ. ನಾವೆಲ್ಲ ರೂಢಿಯಂತೆ ಆ ನಗುವಿನ ಬೆನ್ನಿಗೆ ಕೆಮ್ಮು ಬರುತ್ತದೆಂದು ಕಾಯುತ್ತ ಕೂತೆವು. ಬರಲಿಲ್ಲ. ನಕ್ಕು ಮುಗಿಸಿ, ಮಫ್ಲರನ್ನು ಕಿವಿಯ ಮೇಲೆ ಎಳೆದುಕೊಂಡು ಅವನು, "ಸಾಕಾತು. ಇನ್ನ ಆ ಖಿಡಕಿ ಮುಚ್ರಿ, ಥಂಡಿ ಹತ್ತಾಕತ್ತೈತಿ," ಎಂದ.

ಅಷ್ಟು ವರ್ಷ ಆ ಖಿಡಕಿ ತೆಗೆಯಗೊಡದ ದಿವಾನಜಿ, ಕೈಯಲ್ಲಿದ್ದ ಗಂಟು ಧೊಪ್ಪನೆ ಕೆಳಗೆ ಹಾಕಿ ಎದ್ದು ನಿಂತರು.

"ಬುದ್ಧಿ ಅದ ಏನ್ರಿ ಚಾಚಾ? ದೀಪಾ ಹಚ್ಚೋ ಹೊತ್ತಿನ್ಯಾಗ ಖಿಡಕಿ ಮುಚ್ಚತಾರೇನು? ಲಕ್ಷ್ಮಿ ಎಲ್ಲಿಂದ ಒಳಗ ಬರಬೇಕು?"